12,34,56,54,321: ದೊಡ್ಡ ಸಂಖ್ಯೆಯೊಂದರ ಗುಣಗಳನ್ನು ಕೈಲೆಕ್ಕದಲ್ಲೇ ಬಿಡಿಸುವ ಕ್ರಮ

ಹನ್ನೊಂದು ಅಂಕಿಗಳ ಸಂಖ್ಯೆಯೊಂದನ್ನು ಮುಂದಿಟ್ಟು ಇದರ ಗುಣಲಕ್ಷಣ ಹೇಳಿ ಎಂದರೆ ಹೆಚ್ಚಿನವರು ಹಿಡಿಯುವ ದಾರಿ ಒಂದೇ. 3ರಿಂದ ಭಾಗಿಸಿ ನೋಡುವುದು, 7ರಿಂದ ಭಾಗಿಸಿ ನೋಡುವುದು, ಹೀಗೇ ಸಾಲಾಗಿ ಹೊರಡುವುದು. ನಾಲ್ಕಾರು ಭಾಗಾಕಾರ ಮುಗಿಯುವಷ್ಟರಲ್ಲಿ ಬೇಸರ ಬಂದು ಮೊಬೈಲ್ ಕೈಗೆ ಬರುತ್ತದೆ. ಅಷ್ಟು ಕಷ್ಟಪಡಬೇಕಾಗಿಲ್ಲ. ಮೊದಲು ಸಂಖ್ಯೆಯನ್ನು ನೋಡಬೇಕು, ಆಮೇಲೆ ಅದರ ಅವಿಭಾಜ್ಯ ಅಪವರ್ತನಗಳನ್ನು ಕಂಡುಹಿಡಿಯಬೇಕು. ಉಳಿದುದೆಲ್ಲ ಅದರಿಂದಲೇ ಸಿಗುತ್ತದೆ. ಒಂದು ನೋಟ್ ಪುಸ್ತಕ, ಪೆನ್ಸಿಲ್ ಮತ್ತು ಅರ್ಧ ಗಂಟೆಯ ಪುರುಸೊತ್ತು ಇದ್ದರೆ ಸಾಕು.

ಉದಾಹರಣೆಗೆ ನಾನು ಆರಿಸಿಕೊಂಡಿರುವ ಸಂಖ್ಯೆ 12345654321. ಇದು ನಮ್ಮ ನೆಲದಲ್ಲೇ ಹಿಂದೊಮ್ಮೆ ಮೆರೆದ ಸಂಖ್ಯೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಭಾಗದಲ್ಲಿ ಇದು ಬರುತ್ತದೆ. 2,79,94,681ನ್ನು 441ರಿಂದ ಗುಣಿಸಿದರೆ ಬರುವ ಉತ್ತರ ಇದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಆಚಾರ್ಯರು ಕೊರಳ ಹಾರವೆಂದು, ಕಂಠಾಭರಣವೆಂದು ಕರೆದಿದ್ದಾರೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂಬುದು ಅವರು ಇದಕ್ಕೆ ಕೊಟ್ಟ ವರ್ಣನೆ. 2,79,94,681 ಮತ್ತು 441 ಎಂಬ ಜೋಡಿಯನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಐದನೆಯ ಹೆಜ್ಜೆಯಲ್ಲಿ ಅದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹೆಜ್ಜೆ 1: ಅಲ್ಪವಿರಾಮ ಹಾಕಿ, ಗಟ್ಟಿಯಾಗಿ ಓದಿ

ಬಲಗಡೆಯಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕಿ: 12,34,56,54,321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಓದಿದಾಗ ಗಾತ್ರದ ಅಂದಾಜು ಸಿಗುತ್ತದೆ, ಅಂಕಿ ಬಿಟ್ಟುಹೋಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮಹಾವೀರಾಚಾರ್ಯರು ಸ್ಥಾನಗಳಿಗೆ ಏಕದಿಂದ ಮಹಾಕ್ಷೋಭದವರೆಗೆ 24 ಹೆಸರುಗಳನ್ನು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ 1 ಕೂತಿರುವುದು ಅಲ್ಲಿ.

ಅಂಗಡಿಗಳಲ್ಲಿ ಕಾಣುವ ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ ಈ ಸಂಖ್ಯೆ ಹಿಡಿಯುವುದಿಲ್ಲ. ಪ್ರೋಗ್ರಾಂ ಬರೆಯುವವರಿಗೂ ಒಂದು ಎಚ್ಚರಿಕೆ: 32 ಬಿಟ್‌ಗಳಲ್ಲಿ ಇಡಬಹುದಾದ ಅತಿ ದೊಡ್ಡ ಪೂರ್ಣಸಂಖ್ಯೆ 4294967295. ನಮ್ಮದಕ್ಕೆ 34 ಬಿಟ್‌ಗಳು ಬೇಕು.

ಹೆಜ್ಜೆ 2: ತುದಿಯ ಅಂಕಿ ಮತ್ತು ಅಂಕಿಗಳ ಮೊತ್ತ

ಕೊನೆಯ ಅಂಕಿ 1. ಆದ್ದರಿಂದ ಬೆಸ ಸಂಖ್ಯೆ. 2 ಮತ್ತು 5 ಎರಡೂ ಹೊರಗೆ. ಅಂಕಿಗಳನ್ನು ಕೂಡಿ: 36. ಇದು 9ರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಅಲ್ಲಿಗೆ ಇದು ಅವಿಭಾಜ್ಯವಲ್ಲ ಎಂಬುದು ಖಚಿತವಾಯಿತು. ಒಂದು ಸಂಖ್ಯೆ ಸಂಯುಕ್ತವೋ ಅಲ್ಲವೋ ಎಂದು ತಿಳಿಯಲು ಒಂದು ಅಪವರ್ತನ ಸಿಕ್ಕರೆ ಮುಗಿಯಿತು. ಅವಿಭಾಜ್ಯ ಎಂದು ಸಾಬೀತುಪಡಿಸುವುದೇ ಕಷ್ಟ. ಈ ಗಾತ್ರದ ಸಂಖ್ಯೆಗೆ ವರ್ಗಮೂಲದವರೆಗಿನ, ಅಂದರೆ ಒಂದು ಲಕ್ಷವನ್ನೂ ದಾಟಿದ, ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾಗುತ್ತಿತ್ತು. ಒಂದು ಲಕ್ಷದೊಳಗೇ 9592 ಅವಿಭಾಜ್ಯಗಳಿವೆ.

ಹೆಜ್ಜೆ 3: ಮೂರು ಮೂರು ಅಂಕಿಯ ಗುಂಪು

ಶಾಲೆಯಲ್ಲಿ 7ರ ಭಾಜ್ಯತೆಯ ನಿಯಮವನ್ನು ಒಮ್ಮೆ ಹೇಳಿ ಮರೆಸಿಬಿಡುತ್ತಾರೆ. 13ರದ್ದು, 37ರದ್ದು ಬಾಯಿಗೇ ಬರುವುದಿಲ್ಲ. ಇವೆಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ಉಪಾಯವಿದೆ. 1001 = 7 × 11 × 13 ಮತ್ತು 999 = 27 × 37 ಎಂಬ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಆಯಿತು.

ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗೆ ಕತ್ತರಿಸಿ: 12 | 345 | 654 | 321. ಈಗ ಬಲದಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಿ:

321 − 654 + 345 − 12 = 0

ಸೊನ್ನೆ ಬಂದರೆ ಅಥವಾ 1001ರ ಗುಣಕ ಬಂದರೆ ಸಂಖ್ಯೆ 1001ರಿಂದ ಭಾಗವಾಗುತ್ತದೆ. 1000ಕ್ಕೆ ಒಂದು ಸೇರಿಸಿದರೆ 1001 ತಾನೇ? ಹಾಗಾಗಿ ಪ್ರತಿ ಸಾವಿರವೂ ಇಲ್ಲಿ ‘ಒಂದು ಕಡಿಮೆ’ ಎಂದು ಲೆಕ್ಕವಾಗುತ್ತದೆ. ಸಾವಿರದ ಸಾವಿರ ಮತ್ತೆ ‘ಒಂದು ಹೆಚ್ಚು’ ಆಗುತ್ತದೆ. ಕೂಡು–ಕಳೆ ಸರದಿ ಬರುವುದು ಇದರಿಂದಲೇ. ಒಂದೇ ಸಾಲಿನಲ್ಲಿ 7, 11, 13 ಮೂರೂ ಸಿಕ್ಕವು. ಉತ್ತರ ಸೊನ್ನೆಯಾಗದೆ, ಉದಾಹರಣೆಗೆ, 91 ಬಂದಿದ್ದರೆ 7 ಮತ್ತು 13 ಉಳಿದು 11 ಹೊರಹೋಗುತ್ತಿತ್ತು. ಬಂದ ಚಿಕ್ಕ ಸಂಖ್ಯೆಯನ್ನೇ 7, 11, 13 ಈ ಮೂರರಿಂದಲೂ ಬೇರೆ ಬೇರೆಯಾಗಿ ಭಾಗಿಸಿ ನೋಡಬೇಕು.

ಅದೇ ಗುಂಪುಗಳನ್ನು ಈಗ ಬರೀ ಕೂಡಿ: 321 + 654 + 345 + 12 = 1332. ಇದನ್ನೂ ಮುರಿದು ಕೂಡಿ: 1 + 332 = 333. ಇದು 37 × 9. ಆದ್ದರಿಂದ 37 ಕೂಡ ನಮ್ಮ ಸಂಖ್ಯೆಯ ಅಪವರ್ತನ. ಇದುವರೆಗೆ ಒಂದು ಉದ್ದ ಭಾಗಾಕಾರವನ್ನೂ ಮಾಡಿಲ್ಲ ಎಂಬುದನ್ನು ಗಮನಿಸಿ.

ಹೆಜ್ಜೆ 4: ಪೂರ್ಣ ವರ್ಗವೇ?

ಮೊದಲು ಸೋಸಿ ನೋಡಿ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ ಯಾವಾಗಲೂ 1. ಕೊನೆಯ ಮೂರು ಅಂಕಿ ನೋಡಿದರೆ ಸಾಕು: 321 = 8 × 40 + 1. ಪಾಸಾಯಿತು. ಪೂರ್ಣ ವರ್ಗವೊಂದು 3ರಿಂದ ಭಾಗವಾದರೆ 9ರಿಂದಲೂ ಭಾಗವಾಗಲೇಬೇಕು, ಅದೂ ಆಗಿದೆ. ಇಷ್ಟರಿಂದ ಪೂರ್ಣ ವರ್ಗ ಎಂದು ಸಾಬೀತಾಗುವುದಿಲ್ಲ, ಆದರೆ ವರ್ಗಮೂಲ ತೆಗೆಯುವ ಶ್ರಮ ವ್ಯರ್ಥವಾಗಲಾರದು ಎಂಬ ಭರವಸೆ ಬರುತ್ತದೆ.

ಹನ್ನೊಂದಂಕಿಯ ಸಂಖ್ಯೆಯ ವರ್ಗಮೂಲ ಆರಂಕಿಯದು. 1,10,000ರ ವರ್ಗ 1210 ಕೋಟಿ, 1,12,000ರ ವರ್ಗ 1254 ಕೋಟಿ 40 ಲಕ್ಷ. ನಮ್ಮದು ಇವೆರಡರ ನಡುವೆ ಇದೆ. 1,11,111 ಎಂದು ಊಹಿಸಲು ದೊಡ್ಡ ಜಾಣತನ ಬೇಕಿಲ್ಲ. ಪರೀಕ್ಷಿಸಲು ಚೌಕಳಿ ಹಾಳೆಯಲ್ಲಿ 111111ನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ, ಒಂದರ ಕೆಳಗೊಂದು ಬರೆಯಿರಿ. ಬಲತುದಿಯ ಕಂಬಸಾಲಿನಲ್ಲಿ ಒಂದೇ 1 ಇರುತ್ತದೆ, ಅದರ ಎಡಕ್ಕೆ ಎರಡು, ಮುಂದೆ ಮೂರು. ಆರನೆಯ ಸಾಲಿನಲ್ಲಿ ಆರೂ ತುಂಬಿ, ಅಲ್ಲಿಂದಾಚೆಗೆ ಐದು, ನಾಲ್ಕು ಎಂದು ಇಳಿಯುತ್ತದೆ. ಎಲ್ಲೂ 9 ಮೀರುವುದಿಲ್ಲ, ದಶಕ ಒಯ್ಯುವ ಪ್ರಸಂಗವೇ ಬರುವುದಿಲ್ಲ. ಕೂಡಿದರೆ 12345654321.

ಒಂಬತ್ತು ಒಂದುಗಳವರೆಗೆ ಈ ಸೊಗಸು ನಡೆಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳಾದರೆ ನಡುವಿನ ಸಾಲಿನಲ್ಲಿ ಹತ್ತು ಬಂದು ದಶಕ ಎಡಕ್ಕೆ ಹರಿಯುತ್ತದೆ, ಉತ್ತರ 1234567900987654321. ಹಾರ ಅಲ್ಲಿಗೆ ಹರಿಯಿತು.

ಹೆಜ್ಜೆ 5: ಅವಿಭಾಜ್ಯಗಳಾಗಿ ಒಡೆಯಿರಿ

ವರ್ಗಮೂಲ ಸಿಕ್ಕಿದ ಮೇಲೆ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಒಡೆಯಿರಿ. 111111 = 111 × 1001. ಇದರಲ್ಲಿ 111 = 3 × 37, 1001 = 7 × 11 × 13. ಆದ್ದರಿಂದ

111111 = 3 × 7 × 11 × 13 × 37
12345654321 = 3² × 7² × 11² × 13² × 37²

ಈ ಎರಡನೆಯ ಸಾಲನ್ನು ಹಾಳೆಯ ಮೇಲ್ಭಾಗದಲ್ಲಿ ದಪ್ಪಗೆ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೇ ನಿಂತಿವೆ.

ಮಹಾವೀರಾಚಾರ್ಯರ ಜೋಡಿಯನ್ನು ಈಗ ನೋಡಿ. 441 ಎಂದರೆ 21², ಅಂದರೆ 3² × 7². ಉಳಿದ 11 × 13 × 37 = 5291; ಅದರ ವರ್ಗ 2,79,94,681. ಹಾರವನ್ನು ಎರಡು ಪೂರ್ಣ ವರ್ಗಗಳಾಗಿ ಒಡೆದು, ಅವನ್ನು ಗುಣಿಸಿ ನೋಡಿ ಎಂದು ಓದುವವರ ಕೈಗೆ ಕೊಟ್ಟಿದ್ದಾರೆ.

ಘಾತಾಂಕಗಳನ್ನು ನೋಡಿದರೆ ಕೆಲವು ವರ್ಗೀಕರಣಗಳು ಪುಕ್ಕಟೆಯಾಗಿ ಸಿಗುತ್ತವೆ. ವರ್ಗ ಅಪವರ್ತನವಿಲ್ಲದ ಸಂಖ್ಯೆಗಳ ಗುಂಪಿಗೆ ಇದು ಸೇರುವುದಿಲ್ಲ. ಪ್ರತಿ ಅವಿಭಾಜ್ಯದ ಘಾತವೂ ಎರಡು ಅಥವಾ ಅದಕ್ಕಿಂತ ಹೆಚ್ಚಾಗಿರುವ ಸಂಖ್ಯೆಗಳ ಗುಂಪಿಗೆ ಸೇರುತ್ತದೆ. ಪೂರ್ಣ ಘನವಲ್ಲ, ಏಕೆಂದರೆ 2 ಮೂರರ ಗುಣಕವಲ್ಲ.

ಹೆಜ್ಜೆ 6: ಭಾಜಕಗಳೆಷ್ಟು?

ಭಾಜಕವೊಂದನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಐದು ಅವಿಭಾಜ್ಯಗಳಿಗೆ ಮೂರು ಮೂರು ಆಯ್ಕೆ: 3 × 3 × 3 × 3 × 3 = 243 ಭಾಜಕಗಳು. ಬೆಸ ಸಂಖ್ಯೆ ಬಂದದ್ದು ಸರಿಯೇ. ಭಾಜಕಗಳು ಜೋಡಿಯಾಗಿ ಬರುತ್ತವೆ, ವರ್ಗಮೂಲ ಮಾತ್ರ ತನಗೆ ತಾನೇ ಜೋಡಿ. 121 ಜೋಡಿಗಳು, ಮತ್ತು ಒಂಟಿಯಾಗಿ ನಡುವೆ 111111.

ಹೆಜ್ಜೆ 7: ಅಧಿಕವೋ ನ್ಯೂನವೋ?

ಈ ಹೆಜ್ಜೆಯಲ್ಲಿ ಅವಸರ ಮಾಡಬೇಡಿ. ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಇದು.

ಒಂದು ಸಂಖ್ಯೆಯ ಭಾಜಕಗಳಲ್ಲಿ ಆ ಸಂಖ್ಯೆಯನ್ನೇ ಬಿಟ್ಟು ಉಳಿದವುಗಳ ಮೊತ್ತ ಸಂಖ್ಯೆಗೆ ಸಮವಾದರೆ ಅದು ಪರಿಪೂರ್ಣ ಸಂಖ್ಯೆ. 6 ಮತ್ತು 28 ಎಲ್ಲರಿಗೂ ಗೊತ್ತು. ಮೊತ್ತ ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಅಧಿಕ. ಬೆಸ ಸಂಖ್ಯೆಗಳಲ್ಲಿ ಅಧಿಕವಾದವು ವಿರಳ. ಅವುಗಳಲ್ಲಿ ಅತಿ ಚಿಕ್ಕದು 945. ಬೆಸ ಪರಿಪೂರ್ಣ ಸಂಖ್ಯೆ ಇದುವರೆಗೆ ಒಂದೂ ಸಿಕ್ಕಿಲ್ಲ, ಇರಲು ಸಾಧ್ಯವೇ ಇಲ್ಲವೆಂದು ಯಾರೂ ಸಾಧಿಸಿಯೂ ಇಲ್ಲ.

243 ಭಾಜಕಗಳನ್ನು ಬರೆದು ಕೂಡುವ ಹುಚ್ಚು ಬೇಡ. ಪ್ರತಿ ಅವಿಭಾಜ್ಯಕ್ಕೂ ಒಂದು ಆವರಣ ಬರೆಯಿರಿ: ಒಂದು, ಆ ಅವಿಭಾಜ್ಯ, ಅದರ ವರ್ಗ. ಆವರಣಗಳನ್ನು ಗುಣಿಸಿ ಬಿಡಿಸಿದರೆ ಪ್ರತಿ ಭಾಜಕವೂ ಸರಿಯಾಗಿ ಒಂದು ಸಲ ಬರುತ್ತದೆ.

(1 + 3 + 9) = 13
(1 + 7 + 49) = 57
(1 + 11 + 121) = 133
(1 + 13 + 169) = 183
(1 + 37 + 1369) = 1407

ಗುಣಿಸುವ ಮೊದಲೇ ಒಂದು ವಿಷಯ ತೀರ್ಮಾನವಾಗುತ್ತದೆ. ಐದೂ ಬೆಸ, ಆದ್ದರಿಂದ ಗುಣಲಬ್ಧವೂ ಬೆಸ. ಸಂಖ್ಯೆ ಪರಿಪೂರ್ಣವಾಗಬೇಕಾದರೆ ಎಲ್ಲ ಭಾಜಕಗಳ ಮೊತ್ತ ಅದರ ಎರಡರಷ್ಟು, ಅಂದರೆ ಸಮ ಸಂಖ್ಯೆ ಆಗಬೇಕಿತ್ತು. ಹಾಗಾಗಿ ಇದು ಪರಿಪೂರ್ಣವಲ್ಲ. ಯಾವ ಬೆಸ ಪೂರ್ಣ ವರ್ಗವೂ ಪರಿಪೂರ್ಣ ಸಂಖ್ಯೆ ಆಗಲಾರದು ಎಂಬುದಕ್ಕೆ ಇದೇ ವಾದ ಸಾಕು.

ಈಗ ಗುಣಿಸಿ. 13 × 57 = 741. ಅದನ್ನು 133ರಿಂದ ಗುಣಿಸಿದರೆ 98,553. ಅದನ್ನು 183ರಿಂದ ಗುಣಿಸಿದರೆ 1,80,35,199. ಇಲ್ಲಿ ಸ್ವಲ್ಪ ನಿಲ್ಲಿ. ಇದು 37ನ್ನು ಇನ್ನೂ ಸೇರಿಸದ ಸ್ಥಿತಿ; ಅಂದರೆ 3 × 7 × 11 × 13 = 3003, ಅದರ ವರ್ಗ 90,18,009ರ ಭಾಜಕಗಳ ಮೊತ್ತ. 90,18,009ರ ಎರಡರಷ್ಟು 1,80,36,018. ಕೊರತೆ ಬರೀ 819! ತೊಂಬತ್ತು ಲಕ್ಷಕ್ಕೂ ದೊಡ್ಡ ಸಂಖ್ಯೆ ಗೆರೆಯ ಇಷ್ಟು ಹತ್ತಿರ ಬಂದು, ಮುಟ್ಟದೆ, ನ್ಯೂನವಾಗಿಯೇ ಉಳಿಯುತ್ತದೆ.

ಕೊನೆಯ ಅವಿಭಾಜ್ಯ ಬಂದಾಗ ಸಂಖ್ಯೆ 1369 ಪಟ್ಟು ಬೆಳೆಯುತ್ತದೆ, ಭಾಜಕಗಳ ಮೊತ್ತ 1407 ಪಟ್ಟು ಬೆಳೆಯುತ್ತದೆ. ಆ 38ರ ವ್ಯತ್ಯಾಸ ಸಾಕಾಯಿತು. ಒಟ್ಟು ಮೊತ್ತ 25,37,55,24,993. ಸಂಖ್ಯೆಯ ಎರಡರಷ್ಟು 24,69,13,08,642. ಮೊತ್ತದಿಂದ ಸಂಖ್ಯೆಯನ್ನು ಕಳೆದರೆ ಉಳಿಯುವುದು 13,02,98,70,672. ಸಂಖ್ಯೆಗಿಂತ 68,42,16,351 ಹೆಚ್ಚು. 12345654321 ಒಂದು ಬೆಸ ಅಧಿಕ ಸಂಖ್ಯೆ. ಅದನ್ನು ಗೆರೆ ದಾಟಿಸಿದ್ದು 37.

ಇಂಥ ದೊಡ್ಡ ಗುಣಾಕಾರವನ್ನು ಪರೀಕ್ಷಿಸದೆ ಮುಂದೆ ಹೋಗಬಾರದು. 9ರ ಶೇಷಗಳನ್ನು ನೋಡಿ: ಐದು ಆವರಣಗಳ ಶೇಷ 4, 3, 7, 3, 3. ಇವುಗಳ ಗುಣಲಬ್ಧ 756, ಶೇಷ ಸೊನ್ನೆ. ಉತ್ತರದ ಅಂಕಿಗಳ ಮೊತ್ತ 54, ಅದರ ಶೇಷವೂ ಸೊನ್ನೆ. ಅಂಕಿಗಳು ಹಿಂದುಮುಂದಾಗಿದ್ದರೆ ಈ ಪರೀಕ್ಷೆ ಹಿಡಿಯುವುದಿಲ್ಲ. ಅದಕ್ಕೆ 11ರ ಶೇಷವನ್ನೂ ನೋಡಿ, ಎರಡೂ ಕಡೆ 5 ಬರಬೇಕು.

ಹೆಜ್ಜೆ 8: ಸಾಮಾನ್ಯ ಅಪವರ್ತನವಿಲ್ಲದವು

1ರಿಂದ ಈ ಸಂಖ್ಯೆಯವರೆಗೆ ಇದರೊಂದಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು ಎಷ್ಟು? ಯೂಲರ್ ಕೊಟ್ಟ ಸೂತ್ರದಲ್ಲಿ ಪ್ರತಿ ಅವಿಭಾಜ್ಯದಿಂದ ಒಂದು ಕಳೆದು ಗುಣಿಸಬೇಕು: 2 × 6 × 10 × 12 × 36 = 51,840. ಉಳಿದಿರುವ ಘಾತಗಳ ಗುಣಲಬ್ಧ 1,11,111ರಿಂದ ಇದನ್ನು ಗುಣಿಸಿದರೆ 5,75,99,94,240. ಅಂದರೆ ನೂರಕ್ಕೆ ಸುಮಾರು 46.656. ಈ 46656 ಆರರ ಆರನೆಯ ಘಾತವೂ ಹೌದು. ಆರು ಒಂದುಗಳ ವರ್ಗದಲ್ಲಿ ಇದು ಬಂದದ್ದು ಕಾಕತಾಳೀಯ, ಆದರೂ ಕಂಡಾಗ ಖುಷಿಯಾಗುತ್ತದೆ.

ಹೆಜ್ಜೆ 9: ಎರಡು ವರ್ಗಗಳ ಮೊತ್ತ

ಫರ್ಮಾ ಹೇಳಿದ, ಯೂಲರ್ ಸಾಧಿಸಿದ ಫಲಿತಾಂಶದಿಂದ ಬರುವ ನಿಯಮ ಇದು: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳ ಘಾತಗಳೆಲ್ಲ ಸಮ ಸಂಖ್ಯೆಗಳಾಗಿದ್ದರೆ ಮಾತ್ರ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ನಮ್ಮಲ್ಲಿ 3, 7, 11 ಅಂಥವು. ಘಾತ ಎರಡು, ತೊಂದರೆಯಿಲ್ಲ. ಕೆಲಸಕ್ಕೆ ಬರುವವು ಶೇಷ 1 ಬರುವ 13 ಮತ್ತು 37.

5² + 12² = 13² ಮತ್ತು 12² + 35² = 37² ಎಂಬವನ್ನು ಹಿಡಿದುಕೊಂಡು ಬ್ರಹ್ಮಗುಪ್ತನ ಸಮೀಕರಣದಂತೆ ಅಡ್ಡ ಗುಣಿಸಿ. 5 × 12 = 60, 12 × 35 = 420; 5 × 35 = 175, 12 × 12 = 144. ಮೊದಲ ಜೋಡಿಯನ್ನು ಕಳೆದು ಎರಡನೆಯದನ್ನು ಕೂಡಿದರೆ 360 ಮತ್ತು 319. ಮೊದಲನೆಯದನ್ನು ಕೂಡಿ ಎರಡನೆಯದನ್ನು ಕಳೆದರೆ 480 ಮತ್ತು 31. ಎರಡರಲ್ಲೂ ವರ್ಗಗಳ ಮೊತ್ತ 481², ಅಂದರೆ 13 × 37ರ ವರ್ಗ. ಜೊತೆಗೆ ಮೂಲ ತ್ರಿಭುಜಗಳನ್ನೇ ಹಿಗ್ಗಿಸಿದರೆ ಇನ್ನೆರಡು ಸಿಗುತ್ತವೆ: 185 ಮತ್ತು 444, 156 ಮತ್ತು 455. ಎಲ್ಲವನ್ನೂ 3 × 7 × 11 = 231ರಿಂದ ಗುಣಿಸಿ:

7161² + 110880²
36036² + 105105²
42735² + 102564²
73689² + 83160²

ನಾಲ್ಕರ ಉತ್ತರವೂ 12345654321. ವಿಕರ್ಣ 111111 ಇರುವ, ಬಾಹುಗಳೆಲ್ಲ ಪೂರ್ಣಾಂಕವಾಗಿರುವ ಲಂಬಕೋನ ತ್ರಿಭುಜಗಳು ಈ ನಾಲ್ಕೇ. ಮೂರನೆಯ ಸಾಲಿನ 102564ನ್ನು 4ರಿಂದ ಗುಣಿಸಿ ನೋಡಿ: 410256. ಕೊನೆಯ ಅಂಕಿ ಎದ್ದು ಮುಂದೆ ಬಂದು ಕೂತಿದೆ.

ಹೆಜ್ಜೆ 10: ಅಂಕಿಗಳ ಆಟ

ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಹತ್ತರ ಆಧಾರದ ಬರವಣಿಗೆ ಸಂಖ್ಯೆಯ ಉಡುಪು ಮಾತ್ರ. ಹಿಂದುಮುಂದು ಒಂದೇ ಆಗಿರುವ ಗುಣ ಆ ಉಡುಪಿನದು. ಅಧಿಕವಾಗಿರುವುದು, ಪೂರ್ಣ ವರ್ಗವಾಗಿರುವುದು ಸಂಖ್ಯೆಯದೇ. ದ್ವಿಮಾನದಲ್ಲಿ ಬರೆದರೂ ಎರಡನೆಯ ಬಗೆಯವು ಬದಲಾಗುವುದಿಲ್ಲ. ಈ ಭೇದ ತಿಳಿದಿದ್ದರೆ ಅಂಕಿಗಳ ಆಟವನ್ನು ನಿಶ್ಚಿಂತೆಯಿಂದ ಆಡಬಹುದು.

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಅವರು ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಯನ್ನು ಹರ್ಷದ ಸಂಖ್ಯೆ ಎಂದು ಕರೆದರು. ನಮ್ಮ ಮೊತ್ತ 36, ಸಮ, ಸಂಖ್ಯೆ ಬೆಸ. ಆಗಲಿಲ್ಲ. ಅಂಕಿಗಳ ವರ್ಗಗಳನ್ನು ಕೂಡುತ್ತಾ ಹೋಗಿ 1ಕ್ಕೆ ಮುಟ್ಟಿದರೆ ಅದು ಸುಖಿ ಸಂಖ್ಯೆ. ನಮ್ಮದು 146, 53, 34, 25, 29, 85, 89 ಎಂದು ಸಾಗಿ, 145, 42, 20, 4, 16, 37, 58 ಮೂಲಕ ಮತ್ತೆ 89ಕ್ಕೇ ಬಂದು ಸುತ್ತುತ್ತದೆ. ಸುಖವಿಲ್ಲ. ಅಂಕಿಗಳನ್ನೆಲ್ಲ ಗುಣಿಸಿದರೆ ಮಾತ್ರ 86,400 ಬರುತ್ತದೆ, ಒಂದು ದಿನದಲ್ಲಿರುವ ಸೆಕೆಂಡುಗಳಷ್ಟು.

ನೀವೇ ಮಾಡಿ ನೋಡಲು

ಮಹಾವೀರಾಚಾರ್ಯರದ್ದೇ ಇನ್ನೆರಡು ಹಾರಗಳಿವೆ. 152207 × 73 = 11111111. ಇಲ್ಲಿ ಮೂರರ ಬದಲು ನಾಲ್ಕು ನಾಲ್ಕು ಅಂಕಿಯ ಗುಂಪು ಮಾಡಿ, 10001 = 73 × 137 ಎಂಬುದನ್ನು ಬಳಸಿ. ಉತ್ತರ 11 × 73 × 101 × 137 ಬರಬೇಕು.

ಎರಡನೆಯದು 14,28,57,143 × 7 = 1,00,00,00,001. ಮೂರು ಅಂಕಿಯ ಗುಂಪುಗಳ ಕೂಡು–ಕಳೆಯಿಂದ 1001 ತಕ್ಷಣ ಸಿಗುತ್ತದೆ, ಉಳಿಯುವುದು 999001. ಅದನ್ನು 19ರಿಂದ ಭಾಗಿಸಿದರೆ 52579. ಇದು ಅವಿಭಾಜ್ಯವೇ ಎಂದು ಖಚಿತಪಡಿಸಿಕೊಳ್ಳಲು 229ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಏಕೆಂದರೆ 230ರ ವರ್ಗ 52900. ಅಂಥವು ಒಟ್ಟು 50. ಮೊದಲ ಮೂರನ್ನು ನೋಡಿದೊಡನೆಯೇ ಕೈಬಿಡಬಹುದು, ಉಳಿದ 47ನ್ನು ಮಾತ್ರ ಭಾಗಿಸಿಯೇ ನೋಡಬೇಕು.